ಶಿಡ್ಲಘಟ್ಟದಿಂದ ಲಿಯೋನ್ ನಗರಕ್ಕೆ

ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವಗಳಲ್ಲಿ ಒಂದನ್ನು ಸ್ಮರಣ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ನಾನು ಬಹಳ ದಿವಸ ಸುಮ್ಮನಿದ್ದೆನು. ನನ್ನೊಡನೆ ಓದಿದವರಲ್ಲಿ ವೈದ್ಯರಾದವರಿದ್ದಾರೆ. ದಾದಿಯರಾಗಿ ದೂರದೇಶಗಳಲ್ಲಿ ದುಡಿಯುತ್ತಿರುವವರಿದ್ದಾರೆ. ನಾನಾದರೋ ಗೌರಿಬಿದನೂರಿನಲ್ಲಿ ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವವಳು. ಆದರೂ 2019ನೆಯ ಇಸವಿ ಮೇ ತಿಂಗಳ 1ನೆಯ ತಾರೀಖು ಬೆಳಗ್ಗೆ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ನಾನು ಒಬ್ಬಳೇ, ಕೈಯಲ್ಲಿ ಅಲ್ಪ ಹಣವನ್ನಿಟ್ಟುಕೊಂಡು, ದಿಕ್ಕುತೋಚದೆ ನಿಂತಿದ್ದ ಸಂಗತಿಯನ್ನು ನೆನೆದಾಗ, ಈ ಸಂಚಿಕೆಯ ಓದುಗರಿಗೆ ಹೇಳಬೇಕಾದ ಮಾತೊಂದು ನನ್ನಲ್ಲಿ ಉಳಿದಿದೆಯೆಂದು ತೋರಿತು. ಆ ಮಾತು ಲಿಯೋನ್ ನಗರಕ್ಕಿಂತಲೂ ನಮ್ಮ ಶಾಲೆಗೂ ನನ್ನ ತಾಯಿಗೂ ಹೆಚ್ಚಾಗಿ ಸಂಬಂಧಪಟ್ಟದ್ದು.

ನಾನು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ಆ ಊರಿನ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ನನ್ನ ತಾಯಿ ಅಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಮೇಲಿನ ಜೂಲನ್ನು ಕಿತ್ತು, ಒಂದೊಂದು ಗೂಡಿನ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ಹಿಡಿದು, ಎಂಟು ಹತ್ತು ಎಳೆಗಳನ್ನು ಒಂದುಗೂಡಿಸಿ ಚರಕಕ್ಕೆ ಕೊಡಬೇಕು. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕಾಗುತ್ತದೆ. ಬೆರಳುಗಳು ದಿನವಿಡೀ ಬಿಸಿನೀರಿನಲ್ಲಿದ್ದು ಬೆಳ್ಳಗೆ ಬಿರಿಯುತ್ತವೆ. ಬೆಂದ ಹುಳುವಿನ ವಾಸನೆಯು ಸೀರೆಗೂ ಕೂದಲಿಗೂ ಹತ್ತಿ, ಎಷ್ಟು ಸೀಗೆಕಾಯಿ ಹಾಕಿ ತೊಳೆದರೂ ಬಿಡುವುದಿಲ್ಲ. ತಂದೆಯು ನನ್ನ ಎಳೆತನದಲ್ಲಿಯೇ ತೀರಿಕೊಂಡನು. ಆ ಬೆರಳುಗಳ ಸಂಪಾದನೆಯಿಂದಲೇ ನಾನು ಚಿಕ್ಕಬಳ್ಳಾಪುರಕ್ಕೆ ಬಂದು, ವಿದ್ಯಾರ್ಥಿನಿಲಯದಲ್ಲಿದ್ದು ಓದಿದೆನು.

ಒಂದು ಶನಿವಾರ ಮಧ್ಯಾಹ್ನ ತಾಯಿಯು ಕೆಲಸದಿಂದ ನೇರವಾಗಿ ಬಸ್ಸು ಹತ್ತಿ ನನ್ನನ್ನು ನೋಡಲು ಬಂದಳು. ಸೀರೆಯನ್ನು ಬದಲಿಸುವಷ್ಟು ಪುರುಸೊತ್ತಾಗಿರಲಿಲ್ಲ. ವರಾಂಡದಲ್ಲಿ ನಾಲ್ಕೈದು ಮಂದಿ ಸಹಪಾಠಿಗಳು ಕುಳಿತಿದ್ದರು. ಅವರಲ್ಲಿ ಒಬ್ಬಳು ಮೂಗಿಗೆ ಸೆರಗನ್ನು ಹಿಡಿದುಕೊಂಡು, “ಯಾರೇ ಅವರು?” ಎಂದು ಕೇಳಿದಳು. ನಾನು, “ನಮ್ಮ ಊರಿನ ಕಡೆಯವರು” ಎಂದೆನು. ತಾಯಿಗೆ ಆ ಮಾತು ಕೇಳಿಸಿತು. ಆಕೆ ಮೆಟ್ಟಿಲಿನ ಕೆಳಗೇ ನಿಂತು, ಕೈಯಲ್ಲಿದ್ದ ಚಕ್ಕುಲಿಯ ಪೊಟ್ಟಣವನ್ನು ನನಗೆ ಕೊಟ್ಟು, “ನಿಮ್ಮ ತಾಯಿ ಕಳುಹಿಸಿದ್ದಾರಮ್ಮ, ಚೆನ್ನಾಗಿ ಓದಬೇಕಂತೆ” ಎಂದು ಹೇಳಿ ಹೊರಟುಹೋದಳು. ಆಗ ನನಗೆ ಹದಿಮೂರು ವರ್ಷ. ಈ ವಿಷಯವನ್ನು ನಾವಿಬ್ಬರೂ ಆಮೇಲೆ ಎಂದೂ ಎತ್ತಲಿಲ್ಲ.

ಪ್ರೌಢಶಾಲೆಯನ್ನು ಮುಗಿಸಿದ ಕೆಲವು ವರ್ಷಗಳಿಗೆ ನಾನು ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜನ್ನು ಸೇರಿದೆನು. ಅಲ್ಲಿ ಪಾಠ ಕೇಳುವಾಗ ಲಿಯೋನ್ ಎಂಬ ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದ್ದಿತು. ಅದು ಯೂರೋಪಿನ ರೇಷ್ಮೆಯ ರಾಜಧಾನಿಯಾಗಿದ್ದ ಊರು. ಜೋಸೆಫ್ ಮಾರಿ ಜಕಾರ್ಡನು 1752ರಲ್ಲಿ ಹುಟ್ಟಿದ್ದು ಅಲ್ಲಿಯೇ. ರಂಧ್ರಗಳುಳ್ಳ ರಟ್ಟುಗಳ ಮಾಲೆಯಿಂದ ಮಗ್ಗಕ್ಕೆ ಚಿತ್ತಾರವನ್ನು ತಿಳಿಸುವ ಆತನ ಯಂತ್ರವು ಬಳಕೆಗೆ ಬಂದದ್ದು 19ನೆಯ ಶತಮಾನದ ಆದಿಯಲ್ಲಿ. ಆ ಶತಮಾನದ ನಡುವೆ ಫ್ರಾನ್ಸಿನ ರೇಷ್ಮೆಹುಳುಗಳಿಗೆ ಗಂಟುರೋಗವು ಬಿದ್ದಿತು. 1853ರಲ್ಲಿ ಸುಮಾರು 26,000 ಟನ್ನುಗಳಿದ್ದ ಗೂಡಿನ ಬೆಳೆಯು 1865ರ ಹೊತ್ತಿಗೆ ಸುಮಾರು 4,000 ಟನ್ನುಗಳಿಗೆ ಇಳಿಯಿತು. ಆಗ ಲೂಯಿ ಪಾಶ್ಚರನು ದಕ್ಷಿಣದ ಆಲೆಸ್ ಎಂಬ ಊರಿನಲ್ಲಿ ನೆಲಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಕಂಡುಹಿಡಿದನು. ಇಂದಿಗೂ ನಮ್ಮ ಮೊಟ್ಟೆ ತಯಾರಿಕೆಯ ಕೇಂದ್ರಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆಯು ನಡೆಯುತ್ತಲೇ ಇದೆ. ನಾನೂ ಅದನ್ನು ಚಿಂತಾಮಣಿಯಲ್ಲಿ ಎಷ್ಟೋ ಸಲ ಮಾಡಿದ್ದೆನು. ನನ್ನ ತಾಯಿಯ ಬಾಣಲೆಗೂ ಆ ದೂರದ ನಗರಕ್ಕೂ ಒಂದು ಎಳೆ ಹಾಯ್ದಿದೆಯೆಂಬ ಭಾವನೆಯು ಅಂದೇ ನನ್ನಲ್ಲಿ ಬೇರೂರಿತು. ಒಂದು ಸಲ ನೋಡಬೇಕೆಂಬ ಆಸೆಯೂ ಅಂದಿನದೇ.

ಆಸೆಗೂ ಕೈಗೂಡುವುದಕ್ಕೂ ನಡುವೆ ಹದಿನೈದು ವರ್ಷಗಳಿಗಿಂತಲೂ ಹೆಚ್ಚು ಕಾಲ ಸಂದಿತು. ತಿಂಗಳ ಚೀಟಿ ಹಾಕಿ ನಾಲ್ಕು ವರ್ಷ ಹಣ ಕೂಡಿಸಿದೆನು. ಆಗ ಒಂದು ಯೂರೋ ನಾಣ್ಯಕ್ಕೆ ನಮ್ಮ ಸುಮಾರು 78 ರೂಪಾಯಿ. ವೀಸಾ ಪಡೆಯುವುದಕ್ಕೆ 30,000 ಯೂರೋಗಳಷ್ಟು ವೈದ್ಯಕೀಯ ವಿಮೆ, ಇಳಿದುಕೊಳ್ಳುವ ಸ್ಥಳದ ದಾಖಲೆ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಒದಗಿಸಬೇಕಾಯಿತು. ಬಂಧುಗಳು, “ಒಂಟಿ ಹೆಂಗಸು, ಭಾಷೆ ಬಾರದ ದೇಶ, ಏನು ಹುಚ್ಚು!” ಎಂದರು. ತಾಯಿಯು ಮಾತ್ರ ಅಡ್ಡಿ ಹೇಳಲಿಲ್ಲ. ಹೊರಡುವ ದಿನ ಪೆಟ್ಟಿಗೆಯಿಂದ ಒಂದು ಲಡಿ ಹಳದಿ ಕಚ್ಚಾರೇಷ್ಮೆಯನ್ನು ತೆಗೆದು ನನ್ನ ಚೀಲದಲ್ಲಿಟ್ಟಳು. ಕಣ್ಣು ಮಂಜಾಗಿ ಕೆಲಸ ಬಿಡುವುದಕ್ಕೆ ಮೊದಲು ತಾನೇ ಕೊನೆಯದಾಗಿ ತೆಗೆದ ನೂಲೆಂದು ಅದನ್ನು ಆಕೆ ಉಳಿಸಿಕೊಂಡಿದ್ದಳು. “ದುಡ್ಡು ಸಾಲದೆ ಹೋದರೆ ಮಾರಿಕೋ. ರೇಷ್ಮೆ ನೇಯುವ ಊರಿನಲ್ಲಿ ಇದಕ್ಕೆ ಬೆಲೆ ಇದ್ದೇ ಇರುತ್ತದೆ” ಎಂದಳು. ನಾನು ನಕ್ಕೆನು, ಆಕೆ ನಗಲಿಲ್ಲ.

ಪ್ಯಾರಿಸಿನವರೆಗೆ ವಿಮಾನ, ಅಲ್ಲಿಂದ ಸುಮಾರು 460 ಕಿಲೋಮೀಟರು ರಾತ್ರಿಯ ಬಸ್ಸು. ರೈಲಿನಲ್ಲಿ ಎರಡು ಗಂಟೆಯ ಹಾದಿಯೇ ಆದರೂ ಬಸ್ಸಿನ ದರ ಕಡಿಮೆಯಾಗಿದ್ದಿತು. ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆಯೆಂದು ಲೆಕ್ಕ ಹಾಕಿದ್ದೆನು. ಬೆಳಗಿನ ಆರು ಗಂಟೆಗೆ ಪೆರ್ರಾಷ್ ಎಂಬ ನಿಲ್ದಾಣದಲ್ಲಿ ಬಸ್ಸು ನಮ್ಮನ್ನು ಇಳಿಸಿತು. ಮಾಘಮಾಸದಲ್ಲಿ ನಂದಿಬೆಟ್ಟದ ಮೇಲೆ ಬೀಸುವಂತಹ ಗಾಳಿ. ಜೊತೆಯ ಪ್ರಯಾಣಿಕರನ್ನು ಅವರವರ ಮನೆಯವರು ಮೋಟಾರಿನಲ್ಲಿ ಕರೆದೊಯ್ದರು. ಹತ್ತು ನಿಮಿಷಗಳೊಳಗಾಗಿ ನಾನೊಬ್ಬಳೇ ಉಳಿದೆನು.

ಇಳಿದುಕೊಳ್ಳಬೇಕಾಗಿದ್ದ ಅಗ್ಗದ ವಸತಿಗೃಹವು ಹಳೆಯ ಪೇಟೆಯ ಮೇಲಿನ ಗುಡ್ಡದಲ್ಲಿದ್ದಿತು. ನೆಲದಡಿಯ ರೈಲಿನಲ್ಲಿ ಹೋಗಿ, ಆಮೇಲೆ ಹಗ್ಗದಿಂದೆಳೆಯುವ ಗುಡ್ಡದ ರೈಲನ್ನು ಹತ್ತಬೇಕೆಂದು ಬರೆದುಕೊಂಡಿದ್ದೆನು. ನಿಲ್ದಾಣದ ಬಾಗಿಲಿಗೆ ಕಬ್ಬಿಣದ ಜಾಲರಿ ಎಳೆದಿದ್ದಿತು. ಅಂಟಿಸಿದ್ದ ಕಾಗದದಲ್ಲಿ ನನಗೆ ಅರ್ಥವಾದದ್ದು 1 ಎಂಬ ಅಂಕಿಯೊಂದೇ. ಬೀದಿಯಲ್ಲಿ ಬಸ್ಸಿಲ್ಲ, ಟ್ರಾಮಿಲ್ಲ, ತೆರೆದ ಅಂಗಡಿಯಿಲ್ಲ. ಮೊಬೈಲಿಗೆ ಆ ದೇಶದ ಸಂಪರ್ಕವೇ ದೊರೆಯಲಿಲ್ಲ. ಏನೋ ಗಲಭೆಯಾಗಿ ಊರನ್ನು ಮುಚ್ಚಿದ್ದಾರೆಂದು ಭಾವಿಸಿ ನನ್ನ ಎದೆ ಹೊಡೆದುಕೊಂಡಿತು. ಅರ್ಧ ಗಂಟೆಯ ಮೇಲೆ ಬಂದ ಒಬ್ಬ ಬಾಡಿಗೆ ಮೋಟಾರಿನವನು ಬೆರಳು ಮಡಿಸಿ ಹೇಳಿದ ದರವು ನನ್ನ ಒಂದು ದಿನದ ಊಟ ವಸತಿಗಳೆರಡಕ್ಕೂ ಆಗುವಷ್ಟಿದ್ದಿತು. ಆತನೇ, “ಪ್ರೆಮಿಯೆ ಮೇ” ಎಂದು ಎರಡು ಸಲ ಹೇಳಿದಾಗ ನನಗೆ ಹೊಳೆಯಿತು. ಮೇ ಒಂದು; ದುಡಿಯುವವರ ದಿನ. ಆ ದಿನ ಲಿಯೋನಿನಲ್ಲಿ ನಗರದ ರೈಲು ಬಸ್ಸುಗಳು ಓಡುತ್ತಿರಲಿಲ್ಲ. ವೀಸಾ ಕಾಗದಗಳನ್ನು ಹತ್ತು ಸಲ ತಿರುವಿದ್ದ ನಾನು ಪಂಚಾಂಗವನ್ನು ಒಂದು ಸಲವೂ ನೋಡಿರಲಿಲ್ಲ. ತಪ್ಪು ನನ್ನದೇ. ಚೀಲವನ್ನು ಬೆನ್ನಿಗೇರಿಸಿ ನಡೆಯಲಾರಂಭಿಸಿದೆನು.

ಬಾಗಿಲು ಮುಚ್ಚಿದ ಅಂಗಡಿಗಳ ಸಾಲಿನ ನಡುವೆ ಹೋಗುವ ಒಂದು ನೇರವಾದ ಬೀದಿಯು ನನ್ನನ್ನು ಬೆಲ್ಕೂರ್ ಎಂಬ ದೊಡ್ಡ ಚೌಕಕ್ಕೆ ತಂದಿತು. ನಡುವೆ ಕುದುರೆಯೇರಿದ ಹದಿನಾಲ್ಕನೆಯ ಲೂಯಿ ದೊರೆಯ ವಿಗ್ರಹ. ನನ್ನನ್ನು ನಿಲ್ಲಿಸಿದ್ದು ದೊರೆಯಲ್ಲ, ನೆಲ. ಆ ಚೌಕದ ನೆಲವೆಲ್ಲ ಕೆಂಪು. ನಮ್ಮ ಚಿಕ್ಕಬಳ್ಳಾಪುರದ ಹಿಪ್ಪುನೇರಳೆ ತೋಟದ ಮಣ್ಣಿನಂತೆ ಕೆಂಪು. ಅದರ ಮೇಲೆ ಒಂದು ಕ್ಷಣ ಸುಮ್ಮನೆ ನಿಂತೆನು. ಸುಳ್ಳು ಹೇಳಲಾರೆನು, ಕಣ್ಣಿನಲ್ಲಿ ನೀರು ಬಂದಿತು. ಹಸಿವೂ ಇದ್ದಿತು.

ಚೌಕದ ಅಂಚಿನಲ್ಲಿ ಒಬ್ಬ ಮುದುಕಿಯು ಮಡಿಸುವ ಮೇಜನ್ನು ಹಾಕಿಕೊಂಡು, ಸಣ್ಣ ಗಂಟೆಗಳಂತಿದ್ದ ಬಿಳಿಯ ಹೂಗಳನ್ನು ಮಾರುತ್ತಿದ್ದಳು. ಮುಗ್ಗೆ ಎಂದು ಆ ಹೂವಿನ ಹೆಸರು. ಮೇ ಒಂದರಂದು ಅದನ್ನು ಪರಸ್ಪರ ಕೊಟ್ಟು ಶುಭ ಕೋರುವುದು ಫ್ರೆಂಚರ ವಾಡಿಕೆ. ಆ ಒಂದು ದಿನ ಮಾತ್ರ ಯಾರು ಬೇಕಾದರೂ ಬೀದಿಯಲ್ಲಿ ಆ ಹೂವನ್ನು ಮಾರಿಕೊಳ್ಳಲು ಬಿಡುತ್ತಾರೆ. ನಾನು ಕೈಯಿಂದ ಬರೆದುಕೊಂಡಿದ್ದ ನಕ್ಷೆಯನ್ನು ಆಕೆಗೆ ತೋರಿಸಿದೆನು. ಆಕೆ ಅದನ್ನು ನೋಡಿ, ನಕ್ಕು, ತಿರುಗಿಸಿ ನನ್ನ ಕೈಗೆ ಕೊಟ್ಟಳು. ಲಿಯೋನಿನಲ್ಲಿ ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಊರನ್ನು ಸೀಳಿಕೊಂಡು ಹರಿದು ಮುಂದೆ ಒಂದಾಗುತ್ತವೆ. ನಾನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು, ಒಂದು ನದಿಯನ್ನು ಇನ್ನೊಂದೆಂದು ತಿಳಿದಿದ್ದೆನು. ಮುದುಕಿಯು ಗುಡ್ಡದ ಮೇಲೆ ಬೆಳ್ಳಗೆ ಕಾಣುತ್ತಿದ್ದ ಫೂರ್ವಿಯೇರ್ ದೇವಾಲಯವನ್ನು ಬೆರಳಿನಿಂದ ತೋರಿಸಿ, ಅದನ್ನು ಕಣ್ಣಮುಂದಿಟ್ಟುಕೊಂಡು ನಡೆಯುವಂತೆ ಸನ್ನೆ ಮಾಡಿದಳು. ಹತ್ತು ಹೆಜ್ಜೆ ಹೋದ ಮೇಲೆ ಕೂಗಿ ಕರೆದು ಒಂದು ಕಡ್ಡಿ ಹೂವನ್ನು ಕೊಟ್ಟಳು. ಬೆಲೆ ಕೇಳಿದ್ದಕ್ಕೆ ಕೈಯಾಡಿಸಿಬಿಟ್ಟಳು.

ಸೋನ್ ನದಿಯ ಸೇತುವೆಯನ್ನು ದಾಟಿ, ಹಳೆಯ ಪೇಟೆಯನ್ನು ಹಾಯ್ದು, ಕಲ್ಲುಹಾಸಿನ ಕಡಿದಾದ ಏರನ್ನು ಹತ್ತಿ ವಸತಿಗೃಹವನ್ನು ಸೇರುವ ಹೊತ್ತಿಗೆ ಎಂಟೂವರೆಯಾಗಿದ್ದಿತು. ಹಾಸಿಗೆಯು ಮಧ್ಯಾಹ್ನದ ಮೇಲೆಯೇ ದೊರೆಯುವುದೆಂದರು; ಆದರೂ ಚೀಲವನ್ನು ಇಟ್ಟುಕೊಂಡು, ಹೊರಗಿನ ಜಗಲಿಯಲ್ಲಿ ಕುಳಿತಿರಲು ಒಪ್ಪಿದರು. ಕೆಳಗೆ ನಗರವೆಲ್ಲವೂ ಬಿಸಿಲಿಗೆ ತೆರೆದುಕೊಂಡಿತು. ಹೆಂಚಿನ ಮಾಡುಗಳು, ಎರಡು ನದಿಗಳು, ಎಡಗಡೆಗೆ ಇನ್ನೊಂದು ಗುಡ್ಡ. ಆ ಊರಿನವರು ನಾನಿದ್ದ ಫೂರ್ವಿಯೇರನ್ನು ಪ್ರಾರ್ಥಿಸುವ ಗುಡ್ಡವೆಂದೂ, ಎದುರಿನ ಕ್ರುವಾ ರೂಸನ್ನು ದುಡಿಯುವ ಗುಡ್ಡವೆಂದೂ ಕರೆಯುತ್ತಾರೆ. ತಾಯಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಕೊನೆಯ ಚೂರನ್ನು ಚಟ್ನಿಪುಡಿಯೊಡನೆ ತಿಂದು, ದುಡಿಯುವ ಗುಡ್ಡವನ್ನೇ ನೋಡುತ್ತ ಕುಳಿತೆನು. ಭಯವು ಯಾವಾಗ ಬಿಟ್ಟುಹೋಯಿತೆಂದು ನನಗೆ ತಿಳಿಯಲಿಲ್ಲ.

ಮರುದಿನ ರೈಲುಗಳು ಓಡಿದವು. ಹಲ್ಲುಗಾಲಿಯ ಸಹಾಯದಿಂದ ಏರನ್ನು ಹತ್ತುವ ನೆಲದಡಿಯ ರೈಲಿನಲ್ಲಿ ಕ್ರುವಾ ರೂಸನ್ನು ತಲುಪಿದೆನು. ಚೌಕದಲ್ಲಿ ಜಕಾರ್ಡನ ಪ್ರತಿಮೆಯಿದೆ. ಸುತ್ತಲಿನ ಹಳೆಯ ಮನೆಗಳ ಕೋಣೆಗಳು ಸುಮಾರು ನಾಲ್ಕು ಮೀಟರಿನಷ್ಟು ಎತ್ತರವಾಗಿವೆ. ಜಕಾರ್ಡ್ ಮಗ್ಗವು ನಿಲ್ಲುವುದಕ್ಕೆ ಅಷ್ಟು ಎತ್ತರ ಬೇಕು. ಮನೆಗಳ ಒಳಗಿನಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗುವ ಟ್ರಬೂಲ್ ಎಂಬ ಮುಚ್ಚಿದ ಓಣಿಗಳಿವೆ. ಮಳೆಯಲ್ಲಿ ರೇಷ್ಮೆಯು ನೆನೆಯದಂತೆ ನೇಯ್ಗೆಯವರು ಅವುಗಳ ಮೂಲಕ ಹೊತ್ತೊಯ್ಯುತ್ತಿದ್ದರು. ಕನೂ ಎಂದು ಕರೆಯಲ್ಪಡುತ್ತಿದ್ದ ಆ ನೇಯ್ಗೆಯವರು 1831ನೆಯ ನವೆಂಬರಿನಲ್ಲಿ ದಂಗೆಯೆದ್ದರು. ಕೂಲಿಗೆ ಒಂದು ಕನಿಷ್ಠ ದರವನ್ನು ಗೊತ್ತುಪಡಿಸಿ, ವರ್ತಕರಲ್ಲಿ ಅನೇಕರು ಅದಕ್ಕೆ ನಡೆದುಕೊಳ್ಳದೆ ಹೋದದ್ದೇ ಕಾರಣ. ದುಡಿದು ಬದುಕುವೆವು, ಇಲ್ಲವೆ ಹೋರಾಡಿ ಸಾಯುವೆವು ಎಂಬುದು ಅವರ ಘೋಷ. ಕೆಲವು ದಿವಸ ನಗರವೇ ಅವರ ಕೈಯಲ್ಲಿದ್ದಿತು. ಆಮೇಲೆ ಸೈನ್ಯವು ಬಂದಿತು. 1834ರಲ್ಲಿ ಮತ್ತೆ ಎದ್ದರು, ಮತ್ತೆ ಅಡಗಿಸಲ್ಪಟ್ಟರು. ನಾನು ಪಾಠ ಹೇಳುವ ಊರಿಗೆ ಸಮೀಪದ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಬಿದ್ದ ಗುಂಡುಗಳ ನೆನಪು ಆಗ ನನಗಾಯಿತು. ಕಾರಣಗಳು ಬೇರೆಯಾದರೂ ಬಿದ್ದವರು ಎರಡು ಕಡೆಯೂ ಸಾಮಾನ್ಯರೇ.

ಕನೂಗಳ ಮನೆಯೆಂದು ಹೆಸರಾದ ಸಂಗ್ರಹಾಲಯದಲ್ಲಿ ಮಗ್ಗವನ್ನು ನಡೆಸಿ ತೋರಿಸಿದರು. ರಟ್ಟಿನ ಮಾಲೆಯು ಒಂದೊಂದಾಗಿ ತಿರುಗಿದಂತೆಲ್ಲ ಹಾಸಿನ ಎಳೆಗಳು ತಾವಾಗಿಯೇ ಏಳುತ್ತಿದ್ದವು. ಒಂದು ಬುಟ್ಟಿಯಲ್ಲಿ ಗೂಡುಗಳಿದ್ದವು. ವಿವರಿಸುತ್ತಿದ್ದ ಹೆಂಗಸು ಒಂದು ಗೂಡನ್ನು ಎತ್ತಿ ಹಿಡಿದು, ಇದರಲ್ಲಿ ಸಾವಿರ ಮೀಟರಿಗೂ ಮಿಕ್ಕಿ ಉದ್ದದ ಎಳೆಯಿರಬಹುದೆಂದಾಗ ಸುತ್ತಲಿದ್ದವರು ಅಚ್ಚರಿಪಟ್ಟರು. ಎಲ್ಲರೂ ಚದುರಿದ ಮೇಲೆ ನಾನು ಚೀಲದಿಂದ ಲಡಿಯನ್ನು ತೆಗೆದು ಆಕೆಯ ಮುಂದೆ ಹಿಡಿದೆನು. ಮಾರುವುದಕ್ಕಾಗಿ ಅಲ್ಲ, ಏತಕ್ಕೆಂದು ನನಗೇ ಗೊತ್ತಿರಲಿಲ್ಲ. ಆಕೆ ಕೈ ಒರಸಿಕೊಂಡು ಅದನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಒಯ್ದು, ಎಳೆಯನ್ನು ಎರಡು ಬೆರಳುಗಳ ನಡುವೆ ನಿಧಾನವಾಗಿ ಎಳೆದು ನೋಡಿದಳು. ಗಂಟು ಇದೆಯೇ, ದಪ್ಪ ಸಣ್ಣ ಆಗಿದೆಯೇ ಎಂದು ನಮ್ಮ ಶಿಡ್ಲಘಟ್ಟದಲ್ಲಿ ನೂಲು ಕೊಳ್ಳುವವರೂ ಹಾಗೆಯೇ ನೋಡುತ್ತಾರೆ. ಆಮೇಲೆ ಇಂಗ್ಲೀಷಿನಲ್ಲಿ ಕೇಳಿದಳು: “ಇದನ್ನು ತೆಗೆದವರು ಯಾರು?”

ಇಪ್ಪತ್ತೈದು ವರ್ಷಗಳ ಹಿಂದೆ ವರಾಂಡದಲ್ಲಿ ಬಂದ ಪ್ರಶ್ನೆಯೇ ಇದು ಎಂದು ನನಗೆ ತೋರಿತು. ಇಂಗ್ಲೀಷಿನಲ್ಲಿ ಉತ್ತರ ಹೇಳಬಹುದಾಗಿದ್ದಿತು. ಆದರೆ ಹೊರಡುವ ಮೊದಲು ಕಲಿತಿದ್ದ ಇಪ್ಪತ್ತು ಮೂವತ್ತು ಫ್ರೆಂಚ್ ಮಾತುಗಳಲ್ಲಿ ಎರಡು ನಾಲಗೆಗೆ ಬಂದವು. “ಮಾ ಮೇರ್” ಎಂದೆನು. ನನ್ನ ತಾಯಿ. ಅಗತ್ಯವಿದ್ದುದಕ್ಕಿಂತ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಬಾಗಿಲ ಬಳಿಯಿದ್ದವರು ತಿರುಗಿ ನೋಡಿದರು. ಆ ಹೆಂಗಸು ಲಡಿಯನ್ನು ಎರಡು ಕೈಗಳಿಂದ ನನಗೆ ಹಿಂದಿರುಗಿಸಿದಳು.

ಊರಿಗೆ ಬಂದ ಮೇಲೆ ತಾಯಿಗೆ ಎಲ್ಲವನ್ನೂ ಹೇಳಿದೆನು. ಮುಚ್ಚಿದ ನಗರ, ಕೆಂಪು ನೆಲ, ತಿರುಗಿಸಿದ ನಕ್ಷೆ, ಎತ್ತರದ ಮಗ್ಗ. ಯಾರು ತೆಗೆದದ್ದೆಂದು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿ, ವರಾಂಡದ ಆ ಶನಿವಾರಕ್ಕಾಗಿ ಕ್ಷಮೆ ಬೇಡಿದೆನು. ಆಕೆ ಅದಕ್ಕೆ ಏನೂ ಹೇಳದೆ, “ಅಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟವರು ಯಾರು? ಅವರು ಕೈಗೆ ಏನು ಹಚ್ಚಿಕೊಳ್ಳುತ್ತಿದ್ದರು?” ಎಂದು ಕೇಳಿದಳು. ನನಗೆ ಉತ್ತರ ಬರಲಿಲ್ಲ. ಲಿಯೋನಿನಲ್ಲಿ ನಾನು ನೋಡಿದ್ದೆಲ್ಲವೂ ನೇಯ್ಗೆಯವರ ಕಥೆ. ನೂಲು ತೆಗೆಯುವ ಕೆಲಸವು ಅಲ್ಲಿಂದ ದಕ್ಷಿಣಕ್ಕೆ ಆರ್ದೆಶ್, ಸೆವೆನ್ ಮೊದಲಾದ ಬೆಟ್ಟದ ಸೀಮೆಗಳಲ್ಲಿ ನಡೆಯುತ್ತಿದ್ದಿತು. ಮಾಡುತ್ತಿದ್ದವರು ಬಹುಮಟ್ಟಿಗೆ ಹಳ್ಳಿಯ ಹೆಣ್ಣುಮಕ್ಕಳು. ಇಷ್ಟನ್ನು ಆಮೇಲೆ ಓದಿ ತಿಳಿದೆನು. ಅವರು ಕೈಗೆ ಏನು ಹಚ್ಚಿಕೊಳ್ಳುತ್ತಿದ್ದರೆಂಬುದು ನಾನು ನೋಡಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಇಂದು ಪ್ರಪಂಚದಲ್ಲಿ ರೇಷ್ಮೆಯನ್ನು ಅತ್ಯಧಿಕವಾಗಿ ಉತ್ಪಾದಿಸುವುದು ಚೀನಾ, ಅದರ ತರುವಾಯ ನಮ್ಮ ದೇಶ. ಬಿಸಿನೀರಿನ ಕೈಗಳು ಈಗ ಇರುವುದು ನಮ್ಮ ಕಡೆಗಳಲ್ಲಿಯೇ.

ಈ ಸಂಚಿಕೆಯನ್ನು ಓದುವ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಮಗಳು ಒಬ್ಬಳೇ ದೂರ ಹೋಗುತ್ತೇನೆಂದರೆ ಬೇಡವೆಂದು ಬಿಡಬೇಡಿರಿ, ಸಿದ್ಧಮಾಡಿ ಕಳುಹಿಸಿರಿ. ಹೊಸ ಊರನ್ನು ಹಗಲಿನಲ್ಲಿ ಸೇರಲಿ. ಆ ದೇಶದ ರಜಾದಿನಗಳನ್ನು ಮುಂಚೆಯೇ ತಿಳಿದುಕೊಳ್ಳಲಿ. ವಿಳಾಸವನ್ನು ಮೊಬೈಲನ್ನೇ ನಂಬದೆ ಕಾಗದದಲ್ಲಿಯೂ ಬರೆದುಕೊಳ್ಳಲಿ. ಹಣವನ್ನು ಎರಡು ಕಡೆ ಬೇರೆಬೇರೆಯಾಗಿ ಇಟ್ಟುಕೊಳ್ಳಲಿ. ದಾರಿ ತಪ್ಪಿದರೆ ಬೀದಿಯಲ್ಲಿ ಕುಳಿತು ವ್ಯಾಪಾರ ಮಾಡುವ ಹೆಂಗಸನ್ನು ಕೇಳಲಿ. ಅವಳಿಗೆ ಊರು ಗೊತ್ತಿರುತ್ತದೆ, ನಿಂತು ಹೇಳುವ ತಾಳ್ಮೆಯೂ ಇರುತ್ತದೆ. ಇನ್ನು ಈಗ ಓದುತ್ತಿರುವ ತಂಗಿಯರಿಗೆ ಒಂದೇ ಮಾತು. ಭೇಟಿಯ ದಿನ ನಿಮ್ಮನ್ನು ನೋಡಲು ಬರುವವರು ಯಾವ ಸೀರೆಯುಟ್ಟು ಬಂದರೂ ಮೆಟ್ಟಿಲನ್ನಿಳಿದು ಹೋಗಿ ಕೈ ಹಿಡಿದುಕೊಳ್ಳಿರಿ. ಇಷ್ಟನ್ನು ಕಲಿಯುವುದಕ್ಕೆ ನನಗೆ ಲಿಯೋನಿನವರೆಗೆ ಹೋಗಬೇಕಾಯಿತು.

ಈ ಲೇಖನವನ್ನು ಕಳುಹಿಸುವ ಮೊದಲು ತಾಯಿಗೆ ಓದಿ ಹೇಳಿದೆನು. ನಿನ್ನ ವಿಷಯವನ್ನು ಬರೆದದ್ದಕ್ಕೆ ಬೇಸರವಿಲ್ಲವಷ್ಟೆ ಎಂದು ಕೇಳಿದೆನು. ಇಲ್ಲವೆಂದು ತಲೆಯಾಡಿಸಿ, ಒಂದು ತಿದ್ದುಪಡಿಯನ್ನು ಮಾತ್ರ ಹೇಳಿದಳು. ಆ ಶನಿವಾರದ ಪೊಟ್ಟಣದಲ್ಲಿದ್ದದ್ದು ಹುರಿಗಡಲೆಯೆಂದು ನಾನು ಬರೆದಿದ್ದೆನು. “ಹುರಿಗಡಲೆಯಲ್ಲ, ಚಕ್ಕುಲಿ. ಹಿಂದಿನ ರಾತ್ರಿ ಕುಳಿತು ಸುಟ್ಟಿದ್ದೆ” ಎಂದಳು. ಮೇಲೆ ಅದರಂತೆಯೇ ತಿದ್ದಿದ್ದೇನೆ.